ಲಿಫ್ಟಿನ ಪಾಲು

ಲಿಫ್ಟನ್ನು ನಡೆಸುವುದೋ ನಿಲ್ಲಿಸುವುದೋ ಎಂದು ತೀರ್ಮಾನಿಸಲು ಬೈರೂತಿನ ಆ ಏಳಂತಸ್ತಿನ ಕಟ್ಟಡದವರೆಲ್ಲ ಭಾನುವಾರ ಮಧ್ಯಾಹ್ನ ಮೆಟ್ಟಿಲ ಬುಡದಲ್ಲಿ ಸೇರಿದ್ದರು. ಬಾರದೆ ಇದ್ದವಳು ಏಳನೇ ಮಹಡಿಯ ಓದೆತ್ ಒಬ್ಬಳೇ. ಸೊಂಟದಲ್ಲಿ ಉಕ್ಕಿನ ಸರಳು ಹಾಕಿಸಿಕೊಂಡ ಮುದುಕಿ, ಲಿಫ್ಟಿಲ್ಲದೆ ಕೆಳಗಿಳಿಯುವಂತಿಲ್ಲ. ಸಭೆ ಕರೆದದ್ದು ಲಿಫ್ಟ್ ಓಡದ ಹೊತ್ತಿನಲ್ಲಿ. ಇದು ಯಾರಿಗೂ ಹೊಳೆದಿರಲಿಲ್ಲ, ಹೊಳೆದವರು ಸುಮ್ಮನಿದ್ದರು.

ಸರ್ಕಾರದ ಕರೆಂಟು ನಂಬಿ ಇಲ್ಲಿ ಯಾರೂ ಲಿಫ್ಟಿನೊಳಗೆ ಕಾಲಿಡುವುದಿಲ್ಲ. ಬೀದಿಯ ಜನರೇಟರಿನವನು ಬೆಳಿಗ್ಗೆ, ಸಂಜೆ ಗೊತ್ತಾದ ಹೊತ್ತಿಗೆ ಅದನ್ನು ಓಡಿಸುತ್ತಾನೆ, ತಿಂಗಳಾದರೆ ಡಾಲರಿನಲ್ಲೇ ವಸೂಲಿ ಮಾಡುತ್ತಾನೆ. ಆ ಖರ್ಚು ಹಂಚಿಕೊಂಡ ಮನೆಗಳಿಗಷ್ಟೇ ಲಿಫ್ಟಿನ ಬೀಗದ ಕೈ. ಒಬ್ಬರು ಬಿಟ್ಟರೆ ಉಳಿದವರ ಪಾಲು ಏರುತ್ತದೆ, ಹೀಗೆ ಒಬ್ಬರ ಹಿಂದೆ ಒಬ್ಬರು ಬಿಟ್ಟಿದ್ದರು. ಆದರೆ ದುಡ್ಡಿಲ್ಲ ಎಂದು ಬಿಟ್ಟವರು ಒಬ್ಬರಾದರೂ ಇದ್ದರೆ ಕೇಳಿ. ನಾಲ್ಕನೇ ಮಹಡಿಯ ದಂತವೈದ್ಯನಿಗೆ ಹೊಟ್ಟೆ ಕರಗಬೇಕಿತ್ತು. ಐದನೆಯವರಿಗೆ ಲಿಫ್ಟಿನೊಳಗೆ ಉಸಿರು ಕಟ್ಟುತ್ತಿತ್ತಂತೆ. ಮರ್ಯಾದಸ್ಥರ ಕೈ ಖಾಲಿಯಾದಾಗ ಮೊದಲು ಬರುವುದು ಇಂಥ ಕಾಯಿಲೆಗಳೇ, ಪಾಪ, ಅವರಾದರೂ ಏನು ಮಾಡಿಯಾರು.

ಕೊನೆಗೆ ಉಳಿದದ್ದು ಓದೆತ್ ಮತ್ತು ಅವಳ ಕೆಳಗಿನ ಮನೆಯ ಹಿಯಾಮ್. ಹಿಯಾಮ್ ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಗಂಡ ವಜ್ದಿಯ ಸಂಬಳ ಎಷ್ಟು ಕುಗ್ಗಿತ್ತೆಂದರೆ ಅದರ ಮಾತೇ ಮನೆಯಲ್ಲಿ ನಿಂತುಹೋಗಿತ್ತು. ಹಿಂದಿನ ರಾತ್ರಿ ಇಬ್ಬರೂ ಕೂತು ಲೆಕ್ಕ ಹಾಕಿದ್ದರು. ಲಿಫ್ಟಿನ ಪಾಲು ಕೊಡಬೇಕು, ಇಲ್ಲವೇ ಮಲಗುವ ಕೋಣೆಯ ಎಸಿಗೆ ಜನರೇಟರಿನವನಿಗೆ ಕೊಡಬೇಕು. ಎರಡೂ ಆಗುವುದಿಲ್ಲ. ಆಗಸ್ಟಿನ ಸೆಕೆಯಲ್ಲಿ ಮಕ್ಕಳು ಹೊರಳಾಡುವುದನ್ನು ನೋಡಲಾರೆ ಎಂದ ವಜ್ದಿ. ಅವಳೂ ನೋಡಲಾರದವಳೇ. ಏಳನೇ ಮಹಡಿಯ ಮಾತನ್ನು ಇಬ್ಬರಲ್ಲಿ ಯಾರೂ ಎತ್ತಲಿಲ್ಲ.

ಕಟ್ಟಡದ ಮುಖ್ಯಸ್ಥ ಅಬು ರಮ್ಜಿ ಒಂದನೇ ಮಹಡಿಯವನು, ಲಿಫ್ಟಿನ ಗುಂಡಿ ಯಾವ ಕಡೆ ಇದೆ ಎಂಬುದೂ ಅವನಿಗೆ ನೆನಪಿರಲಾರದು.

"ಈಗ ನೀನೇ ಹೇಳಮ್ಮ ಟೀಚರ್. ಇರ್ತೀಯಾ, ಬಿಡ್ತೀಯಾ? ನೀನೂ ಬಿಟ್ಟರೆ ಪೂರ್ತಿ ಭಾರ ಏಳನೇ ಮಹಡಿ ಮದಾಮ್ ಒಬ್ಬರ ಮೇಲೆ ಬೀಳುತ್ತೆ. ಅವರ ಕೈಲಿ ಆಗೋ ಮಾತಲ್ಲ, ಲಿಫ್ಟ್ ನಿಲ್ಲಿಸಬೇಕಾಗುತ್ತೆ."

ಹಿಯಾಮ್ ಗೋಡೆ ನೋಡುತ್ತ ಹೇಳಿದಳು: "ಡಾಕ್ಟ್ರು ಮೆಟ್ಟಿಲು ಹತ್ತೋಕೆ ಹೇಳಿದ್ದಾರೆ."

"ಒಳ್ಳೇ ಡಾಕ್ಟ್ರಪ್ಪ. ನಮ್ಮ ಕಟ್ಟಡದೋರೆಲ್ಲ ಅವರ ಹತ್ರಾನೇ ಹೋಗ್ತಿದ್ದೀರಿ ಅಂತ ಕಾಣುತ್ತೆ."

ಯಾರೋ ಕಿಸಕ್ಕನೆ ನಕ್ಕರು, ನಕ್ಕವರೂ ಅದೇ ಡಾಕ್ಟರನ್ನು ಕಂಡು ಬಂದವರೇ. ಅಬು ರಮ್ಜಿ ಕೈ ಚಾಚಿದ. ಹಿಯಾಮ್ ತನ್ನ ಬೀಗದ ಕೈಯನ್ನು ಅದರಲ್ಲಿಟ್ಟಳು. ಹಾಗೇ ಮೇಲೆ ಹೋಗುವಾಗ ಮದಾಮಿಗೂ ವಿಷಯ ತಿಳಿಸಿ ಅವರ ಬೀಗದ ಕೈಯನ್ನೂ ಇಸಿದುಕೊಂಡು ಬಾ, ಹೇಗೂ ನಿನ್ನ ನೆತ್ತಿಯ ಮೇಲಿನ ಮನೆಯಲ್ಲವೇ ಎಂದು ಅವನು ಹೇಳಿದಾಗ ಉಳಿದವರೆಲ್ಲ ತಲೆಯಾಡಿಸಿ ಬೇಗ ಬೇಗ ತಮ್ಮ ತಮ್ಮ ಬಾಗಿಲು ಸೇರಿಕೊಂಡರು.

ಏಳನೇ ಮಹಡಿಯ ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಬುಡದಲ್ಲಿ ಆಡಿದ ಮಾತು ಮೇಲಿನವರೆಗೂ ಸ್ಪಷ್ಟವಾಗಿ ಕೇಳುತ್ತದೆ ಎಂಬುದು ಹಿಯಾಮ್‌ಗೆ ಆಗ ನೆನಪಾಯಿತು. ಓದೆತ್ ಬೀಗದ ಕೈಯನ್ನು ಆಗಲೇ ಮೇಜಿನ ಮೇಲೆ ತೆಗೆದಿಟ್ಟು ಕಾಫಿಗೆ ನೀರಿಟ್ಟಿದ್ದಳು. ಶನಿವಾರ ಕೇಶಾಲಂಕಾರದ ಅಂಗಡಿ, ಭಾನುವಾರ ಚರ್ಚು, ಚರ್ಚಿನ ನಂತರ ಗೆಳತಿಯರೊಡನೆ ಬೀದಿ ಮೂಲೆಯಲ್ಲಿ ಒಂದು ಕಾಫಿ. ವಾರದ ಉಳಿದ ದಿನಗಳನ್ನು ಅವಳು ಇವಕ್ಕಾಗಿಯೇ ತಳ್ಳುತ್ತಿದ್ದಳು. ದೇಶದ ಬ್ಯಾಂಕುಗಳು ಮುಳುಗಿ ಅಲ್ಲಿಟ್ಟ ಗಂಟು ಕೈಗೆ ಸಿಗದಂತಾದ ಮೇಲೂ ಆ ಒಂದು ಕಾಫಿಯನ್ನು ಅವಳು ಬಿಟ್ಟಿರಲಿಲ್ಲ.

ಹಿಯಾಮ್ ಕುರ್ಚಿಯ ಅಂಚಿನಲ್ಲಿ ಕೂತು ಒಂದೇ ಸಮ ಮಾತಾಡತೊಡಗಿದಳು. ರೊಟ್ಟಿ, ಔಷಧಿ ತಾನೇ ತಂದುಕೊಡುತ್ತೇನೆ ಎಂದಳು. ತರಕಾರಿಯವನಿಗೆ ಹೇಳಿಡುತ್ತೇನೆ, ಬಾಲ್ಕನಿಯಿಂದ ಬುಟ್ಟಿ ಇಳಿಬಿಟ್ಟರೆ ತುಂಬಿಸುತ್ತಾನೆ ಎಂದಳು. ಕೂದಲಿಗೆ ಬಣ್ಣ ಹಚ್ಚುವವಳನ್ನು ಮನೆಗೇ ಕರೆತರಬಹುದು, ಪಾದ್ರಿಗಳೂ ಕರೆದರೆ ಬಂದೇ ಬರುತ್ತಾರೆ ಎಂದಳು. ಹೇಳುತ್ತ ಹೇಳುತ್ತ ತನ್ನ ದನಿ ತನಗೇ ಅಸಹ್ಯವಾಗಿ ನಿಲ್ಲಿಸಿದಳು.

ಓದೆತ್ ಅವಳ ಮುಂದೆ ಲೋಟ ಇಟ್ಟಳು.

"ಕುಡಿ ಕಂದ. ರಾತ್ರಿ ನಿಮ್ಮ ಎಸಿ ಸದ್ದು ನನಗೆ ಕೇಳುತ್ತೆ. ಅದು ಶುರುವಾದ ಮೇಲೆ ಮಕ್ಕಳು ಅಳೋದು ನಿಲ್ಲುತ್ತೆ. ನಾನು ನಿನ್ನ ಜಾಗದಲ್ಲಿದ್ದಿದ್ರೂ ಹಾಗೇ ಮಾಡ್ತಿದ್ದೆ."

ಬೈದಿದ್ದರೆ ಹಿಯಾಮ್ ತಡೆದುಕೊಳ್ಳುತ್ತಿದ್ದಳು. ಲೋಟವನ್ನು ಪಕ್ಕಕ್ಕೆ ಸರಿಸಿದಳು. ಬೀಗದ ಕೈ ಎತ್ತಿಕೊಂಡು ಎದ್ದಳು. ಓದೆತ್ ಇರು ಎಂದು ಕೈ ಮಾಡಿ, ಗೋಡೆ ಹಿಡಿದು ಒಳಗೆ ಹೋಗಿ, ಕಪ್ಪು ಚರ್ಮದ ಒಂದು ಜೊತೆ ಶೂ ಹಿಡಿದು ಬಂದಳು. ಪಾಲಿಶಿನ ವಾಸನೆ ಇನ್ನೂ ಆರಿರಲಿಲ್ಲ.

"ನಿನ್ನ ಕಾಲಿಗೆ ಸರಿಹೋಗುತ್ತೆ, ತಗೋ."

"ಬೇಡ ಮದಾಮ್, ದಯವಿಟ್ಟು."

"ಮೊನ್ನೆ ತಾನೇ ಹೊಸ ಅಟ್ಟೆ ಹಾಕಿಸಿದ್ದು. ಇವತ್ತು ಬೆಳಿಗ್ಗೆ ಚರ್ಚಿಗೆ ಒಂದೇ ಸಲ ಹಾಕ್ಕೊಂಡೆ," ಎಂದಳು ಓದೆತ್, ಶೂಗಳನ್ನು ಅವಳ ಕೈಗೆ ತುರುಕುತ್ತ. "ಮನೆಯೊಳಗೆ ನನಗೆ ಚಪ್ಪಲಿ ಸಾಕು."