ಗಡಿಕಲ್ಲಿನ ಕೋಳಿ

ಗಡಿಕಲ್ಲಿನ ಪಕ್ಕದ ಕಳ್ಳಿಬೇಲಿಯಲ್ಲಿ ಕಂದುಬಣ್ಣದ ಕೋಳಿಯೊಂದು ಸರಿದಾಡಿದ್ದನ್ನು ಕಂಡು, ತನ್ನ ಕೋಳಿಯೇ ಕದ್ದು ಮೊಟ್ಟೆಯಿಡಲು ಬಂದಿದೆ ಎಂದುಕೊಂಡ ರಾಚಮ್ಮ ಅದನ್ನು ಕರೆದಳು. "ಬಬಬಬಾ... ಬಾ ಬಾ!" ಕೊನೆಗೆ ಎಂದಿನಂತೆ ನಾಲಿಗೆ ಲೊಚಗುಟ್ಟಿದಳು. ಕೋಳಿ ತಲೆಯೆತ್ತಿತು. ಮುಳ್ಳಿನ ಸಂದಿಯಿಂದ ಹೊರಬಂದು ನೇರವಾಗಿ ಅವಳ ಕಾಲಬುಡಕ್ಕೆ ನಡೆದು ಬಂತು. ಅದನ್ನು ಸರಿಯಾಗಿ ನೋಡಲೂ ಪುರಸೊತ್ತಿಲ್ಲದೆ ಅವಳು ಮನೆಯ ಕಡೆ ಹೆಜ್ಜೆ ಹಾಕಿದಳು. ಮನೆಯಲ್ಲಿ ನಾಲ್ಕು ಕೋಳಿ ಕಾವಿಗೆ ಕೂತಿದ್ದವು, ಹೊಸ ಮರಿಗಳನ್ನು ಹದ್ದಿನಿಂದ ಕಾಯಬೇಕಿತ್ತು. ಗಂಡ ಚಾಮಯ್ಯ ಕುಕ್ಕೆಗಳಲ್ಲಿ ಹುಲ್ಲು ಹಾಸಿ ಮೊಟ್ಟೆ ತುಂಬಿಕೊಂಡು, ಹುಣಸೂರಿನ ದೊರೆಗಳ ಬಂಗಲೆಗೆ ಗಾಡಿ ಹೊಡೆದುಕೊಂಡು ಹೋಗಿದ್ದ. ಅವರ ಹೊಲದ ರಾಗಿ ಆರು ತಿಂಗಳಿಗೆ ಸಾಕಾಗುತ್ತಿತ್ತು. ಉಳಿದ ಆರು ತಿಂಗಳು ಮನೆ ನಡೆಯುತ್ತಿದ್ದುದು ಮೂವತ್ತು ಕೋಳಿಗಳಿಂದ.

ಅತ್ತೆ ಚಿಕ್ಕಬೀರಮ್ಮ ಜಗಲಿಯ ಮೇಲೆ ಕೋಲು ಹಿಡಿದು ಮರಿಗಳನ್ನು ಕಾಯುತ್ತ ಕೂತಿದ್ದಳು.

"ಇದೇನಮ್ಮಿ, ಕೋಳಿ ನಾಯಿಯಂಗೆ ಬೆನ್ನತ್ತಿ ಬತ್ತಾ ಅದೆ? ನನ್ ಮಗನೂ ಕರೆದೇಟ್ಗೆ ಇಂಗೆ ಬಂದಿದ್ರೆ ನೀನು ಮಾರಾಣಿ ಕಣಮ್ಮಿ."

ರಾಚಮ್ಮ ನಗುತ್ತ ಹಿಂದಿರುಗಿ ನೋಡಿದಳು. ಕೋಳಿಯ ಕತ್ತಿನಲ್ಲಿ ಅರಿಶಿನದ ದಾರ, ದಾರಕ್ಕೆ ಬೇವಿನ ಎಲೆ, ನೆತ್ತಿಯ ಮೇಲೆ ಕುಂಕುಮ. ನಗು ಅಲ್ಲೇ ನಿಂತಿತು.

ಗಾವಡಗೆರೆ ಕಡೆಯಿಂದ ಆ ಬೇಸಿಗೆ ಹಳ್ಳಿ ಹಳ್ಳಿಗೂ ಕೋಳಿಗಳ ಸಾವು ಬರುತ್ತಿತ್ತು. ಸಾವು ಕಂಡ ಊರಿನವರು ಮಾರಿಯನ್ನು ಒಂದು ಕೋಳಿಯ ಮೇಲೆ ಬರಿಸಿ ಗಡಿಯಲ್ಲಿ ಬಿಟ್ಟು ಹೋಗುತ್ತಿದ್ದರು. ಆಚೆಯ ಊರಿನ ಗಂಡಸರು ಅದನ್ನು ಮುಟ್ಟದೆ, ಮಾತಾಡಿಸದೆ, ಹೊತ್ತು ಮುಳುಗುವ ಮೊದಲು ಕೋಲಿನಿಂದ ಅಟ್ಟಿಕೊಂಡು ಹೋಗಿ ಮುಂದಿನ ಗಡಿ ದಾಟಿಸಬೇಕು. ಯಾರೂ ಅದನ್ನು ಕರೆಯುವ ಹಾಗಿರಲಿಲ್ಲ.

"ಕರುದ್ಯಾ?" ಚಿಕ್ಕಬೀರಮ್ಮನ ದನಿ ಸಣ್ಣಗಾಗಿತ್ತು.

"ನಮ್ದೇ ಅನ್ಕಂಡೆ ಅತ್ತೆವ್ವ. ಓಡಿಸ್ಬುಡಾನಾ?"

"ಕರೆದು ಬಂದೋಳ್ನ ಎಂಗಮ್ಮಿ ಓಡ್ಸದು?" ಮುದುಕಿ ಕೋಲನ್ನು ಪಕ್ಕಕ್ಕಿಟ್ಟಳು. ಆಮೇಲೆ ಸೊಸೆಯ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ಯಾರಾದ್ರೂ ಕೇಳಿದ್ರೆ ಮುದ್ಕಿ ಕರುದ್ಲು ಅನ್ನು. ನಂಗೆ ಕಣ್ಣು ಮಂಜು, ಯಾರೂ ಬೈಯಾಕಿಲ್ಲ."

ಅವಳೇ ಎದ್ದು ಮುತ್ತುಗದ ಎಲೆಯ ಮೇಲೆ ರಾಗಿ ಹಾಕಿದಳು, ಕರಟದಲ್ಲಿ ನೀರಿಟ್ಟಳು, ಕೈ ಮುಗಿದಳು. "ಉಂಡು ಓಗು ತಾಯಿ. ನಮ್ಮನೆ ಕೋಳಿ ಮುಟ್ಟಬ್ಯಾಡ." ರಾಚಮ್ಮನೂ ಪಕ್ಕದಲ್ಲಿ ಕೂತು ಅದನ್ನೇ ಹೇಳಿದಳು. ಇಬ್ಬರಿಗೂ ಆ ಗಳಿಗೆಯಲ್ಲಿ ನೆನಪಿದ್ದುದು ತಮ್ಮ ಮನೆಯೊಂದೇ. ಕೋಳಿ ಒಂದೊಂದೇ ಕಾಳನ್ನು ನಿಧಾನವಾಗಿ ಹೆಕ್ಕಿತು. ಅದು ಉಂಡು ಮುಗಿಸುವವರೆಗೆ ಅಂಗಳದ ಮರಿಗಳು ಒಂದು ಸಲವೂ ಚಿಂವ್ ಅನ್ನಲಿಲ್ಲ. ಆಮೇಲೆ ಅದು ಬೀದಿಗಿಳಿಯಿತು. ಸಂಜೆ ಊರಿನ ಗಂಡಸರು ಕೋಲು ಹಿಡಿದು ಗಡಿಕಲ್ಲಿನ ಸುತ್ತ ಹುಡುಕಿ ಬರಿಗೈಯಲ್ಲಿ ಬಂದರು.

ಆ ರಾತ್ರಿ ರಾಚಮ್ಮ ಕೋಳಿಗೂಡಿನ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡಳು. ಹೆದರಿದ್ದಾಳೆಂದು ಅತ್ತೆಯೂ ಬಂದು, ಸೊಸೆಯ ಸೆರಗಿನ ತುದಿಯನ್ನು ತನ್ನ ಕೈಗೆ ಸುತ್ತಿಕೊಂಡು ಪಕ್ಕದಲ್ಲಿ ಮಲಗಿದಳು. ಬೆಳಗಾದಾಗ ಸೆರಗು ಹಾಗೆಯೇ ಅತ್ತೆಯ ಕೈಗೆ ಸುತ್ತಿಕೊಂಡಿತ್ತು.

ಊರಿನಲ್ಲಿ ಅಂದು ಕೂಗಿದ್ದು ಒಂದೇ ಹುಂಜ, ಅವರದು. ಗೂಡು ತೆಗೆದರೆ ಮೂವತ್ತೂ ಬದುಕಿದ್ದವು. ಕಾವಿನ ಕೋಳಿಗಳು ಕದಲದೆ ಕೂತಿದ್ದವು. ರಾಚಮ್ಮ ನೆಲದ ಮೇಲೆ ಕುಸಿದು ಅತ್ತುಬಿಟ್ಟಳು.

ಬಿಸಿಲೇರುವ ಹೊತ್ತಿಗೆ ಎದುರುಮನೆಯ ಸುಂದ್ರಮ್ಮ ಬಂದಳು. ಸೊಂಟದಲ್ಲಿ ಈಗಷ್ಟೇ ಹೆಜ್ಜೆಯಿಡಲು ಕಲಿತ ಮಗಳು.

"ಅನ್ನೊಂದು ಕೋಳೀನೂ ಸತ್ತೋದ್ವು ಅಕ್ಕ. ಬಿಗಿಯಾಗಿ ಮುಚ್ಚಿದ್ದ ಮಕ್ಕರಿ ಮಗುಚ್ಕಂಡು ಬಂದವೆ. ಬಾಗ್ಲಲ್ಲಿ ಸಾಲಾಗಿ ಬಿದ್ದವೆ, ಬೀದಿ ಕಡೆ ಕತ್ತು ಚಾಚ್ಕಂಡು. ಎಲ್ಲಾರ ಮನೇಲೂ ಅಂಗೇಯ."

ರಾಚಮ್ಮ ಗೂಡಿನ ಕಡೆ ಕೈ ತೋರಿಸಿದಳು. "ನಮ್ಮವು ಎರಡು ತಕ್ಕಂಡೋಗು ಸುಂದ್ರಿ. ಸುಮ್ನೆ ತಕ್ಕೋ, ತಿರುಗಿ ಕೊಡಬ್ಯಾಡ."

"ಬ್ಯಾಡಕ್ಕ." ಸುಂದ್ರಮ್ಮ ಅವಳ ಮುಖ ನೋಡದೆ ಹೇಳಿದಳು. "ಬೆಳ್ಳಿ ಮೂಡೋ ಒತ್ನಲ್ಲಿ ಕರುದ್ಯಲ್ಲ, ಮನೆ ಮನೆ ಮುಂದೂ ನಿಂತ್ಕಂಡು. ನಿನ್ ದನಿ ನಂಗೆ ತಿಳಿಯಾಕಿಲ್ವಾ? ಕರೆದು ಕೊನೇಲಿ ನಾಲಿಗೆ ಲೊಚಗುಟ್ಟೋಳು ಈ ಊರಲ್ಲಿ ನೀನೊಬ್ಳೇಯ."

"ನಾನು ಎದ್ದೇ ಇಲ್ಲ ಕಣೇ! ಅತ್ತೆವ್ವನ್ನ ಕೇಳು, ನನ್ ಸೆರಗು ಅವ್ರ ಕೈಲೇ ಇತ್ತು."

ಸುಂದ್ರಮ್ಮ ಕೇಳಲಿಲ್ಲ. "ಯಾರ್ಗೂ ಏಳಿಲ್ಲ ಅಕ್ಕ, ಏಳಾದೂ ಇಲ್ಲ. ನನ್ ಬಾಣಂತನ್ದಲ್ಲಿ ತಿಂಗಳುಗಟ್ಲೆ ದಿನಾ ಮೊಟ್ಟೆ ತಂದ್ಕೊಟ್ಟೋಳು ನೀನು. ಅದ್ನ ಮರೀತೀನಾ?" ಹೊರಟವಳು ಮೆಟ್ಟಿಲ ಬಳಿ ನಿಂತಳು. ಸೆರಗನ್ನು ಎಳೆದು ಮಗುವಿನ ಎರಡೂ ಕಿವಿ ಮುಚ್ಚಿದಳು.

"ಇನ್ನೊಂದ್ಸಲ ನಮ್ಮನೆ ಮುಂದೆ ನಿಂತು ಕರೀಬ್ಯಾಡಕ್ಕ. ಕರುದ್ರೆ ಎದ್ದು ಬರಾಕೆ ನಮ್ಮನೇಲಿ ಇನ್ನು ಉಳ್ದಿರೋದು ಇದೊಂದೇಯ."