ಸಹಿ ಮಾಡುವ ಮುನ್ನ

ಮಗಳ ಪ್ರಗತಿಪತ್ರಕ್ಕೆ ಸಹಿ ಹಾಕಲು ಸೂಗಪ್ಪ ಪೆನ್ನಿನ ಮುಚ್ಚಳ ತೆಗೆದದ್ದೇ ತಡ, ಲುಂಬಿನಿ ಟೀಚರ್ ಕೈ ಅಡ್ಡ ಹಿಡಿದರು. "ತಡೀರಿ. ಕನ್ನಡಕ್ಕ ಎ ಗ್ರೇಡ್ ಕೊಟ್ಟೀನಿ. ಆದ್ರ ಬಾಜೂಕ ಓದಿನ ಮಟ್ಟ ಅಂತ ಅದ ನೋಡ್ರಿ, ಅಲ್ಲಿ ‘ಅಕ್ಷರ ಮಾತ್ರ’ ಅಂತ ಬರ್ದೀನಿ." ನಾಲ್ಕನೆಯ ತರಗತಿಯ ನೀಲಾಂಬಿಕಾ ಅಪ್ಪನ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು.

"ಎ ಬಂದಾಕಿಗಿ ಓದಾಕ ಬರಂಗಿಲ್ಲ ಅಂದ್ರ ಹ್ಯಾಂಗ್ರಿ?"

"ಬೋರ್ಡ್ ಮ್ಯಾಲಿಂದು ನೋಡಿ ಮುತ್ತಿನಂಗ ಬರೀತಾಳ, ಪದ್ಯ ಬಾಯಿಪಾಠ ಹೇಳ್ತಾಳ. ಎ ಅದಕ್ಕ. ಹೊಸ ಪುಟ ಕೊಟ್ರ ಒಂದೊಂದೇ ಅಕ್ಷರ ಕೂಡಿಸ್ಲಿಕತ್ತಾಳ." ಇದೇ ಮಾತಿಗೆ ಬೆಳಗ್ಗೆ ಒಬ್ಬ ಪಾಲಕರು ಮೇಜು ಗುದ್ದಿ ಹೋಗಿದ್ದರು. ಲುಂಬಿನಿ ಇನ್ನೊಂದು ಜಗಳಕ್ಕೆ ಸಿದ್ಧರಾದರು.

ಸೂಗಪ್ಪನ ಕಣ್ಣು ಪತ್ರದ ಮೇಲಿದ್ದ ತನ್ನದೇ ಹಳೆಯ ಸಹಿಯ ಮೇಲೆ ನಿಂತಿತು. ಕೆಳಗೆ ಗೆರೆ ಎಳೆದು, ಎರಡು ಚುಕ್ಕೆ ಇಟ್ಟ ಅಚ್ಚುಕಟ್ಟಾದ ಸಹಿ. "ಎರಡೂ ಖರೇ ಇರಬೇಕ್ರಿ ಟೀಚರ್," ಎಂದ ಮೆಲ್ಲಗೆ. "ನಂದೂ ಹಂಗೇ ಅದ. ಸಹಿ ಭಾಳ ಚಂದ ಮಾಡ್ತೀನಿ. ಯಾತಕ್ಕ ಮಾಡಾಕತ್ತೀನಿ ಅಂತ ಓದಾಕ ಬರಂಗಿಲ್ಲ."

ನೀಲಾಂಬಿಕಾ ಥಟ್ಟನೆ ತಲೆಯೆತ್ತಿದಳು. "ಅಪ್ಪಾ, ನಿನಗೂ ಬರಂಗಿಲ್ಲೇನು?" ಕೇಳುವಾಗ ಅವಳ ಮುಖ ಅರಳಿತ್ತು.

ಸೂಗಪ್ಪ ಪೆನ್ನಿಗೆ ಮುಚ್ಚಳ ಹಾಕಿ, ಪತ್ರವನ್ನು ಅವಳತ್ತ ಸರಿಸಿದ. "ನೀನೇ ಓದು. ಎಷ್ಟೊತ್ತಾದ್ರೂ ಆಗ್ಲಿ. ಕೇಳಿದ ಮ್ಯಾಲೇ ಸಹಿ ಮಾಡ್ತೀನಿ."

ಅವಳು ಮೊದಲ ಸಾಲಿನ ಮೇಲೆ ಬೆರಳಿಟ್ಟಳು.