ಹನ್ನೆರಡನೆಯ ಪ್ರಬಂಧ

ಮಂಗಳವಾರ ಮಧ್ಯಾಹ್ನ ಲುಜೈನ್ ತನ್ನ ತಾಯಿಯನ್ನು ಕೊಂದಳು. ಕೊನೆಯ ಪ್ಯಾರಾದಲ್ಲಿ, ನಲವತ್ತು ಪದಗಳಲ್ಲಿ ಕೆಲಸ ಮುಗಿಯಿತು. ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ.

“ಹಾಂ, ಈಗ ಓದೋ ಹಾಗಿದೆ,” ಎಂದಳು ಮಿಸ್ ರುಲಾ.

ಅಮ್ಮಾನ್ ನಗರದ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ರುಲಾಳ ಕಚೇರಿ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳ ಪ್ರಬಂಧ ತಿದ್ದುವುದು ಅವಳ ಕಸುಬು. ಕಾಲೇಜುಗಳು ಕೇಳುವುದು ಎರಡೇ ಪ್ರಶ್ನೆ: ನೀನು ನಮಗೆ ಹೇಗೆ ಒಪ್ಪುತ್ತೀಯ, ನಿನಗೆ ವಿದ್ಯೆ ಏತಕ್ಕೆ? ಲುಜೈನ್ ಆಗಲೇ ಹನ್ನೊಂದು ಕಾಲೇಜುಗಳಿಗೆ ಹನ್ನೊಂದು ಬಗೆಯಲ್ಲಿ ಒಪ್ಪಿ ಆಗಿತ್ತು. ಒಂದಕ್ಕೆ ನದಿಯೆಂದರೆ ಪ್ರಾಣ ಎಂದಿದ್ದಳು, ಇನ್ನೊಂದಕ್ಕೆ ಹಿಮವೆಂದರೆ. ಬರೆದೂ ಬರೆದೂ ಒಳಗೆಲ್ಲ ಮರಗಟ್ಟಿತ್ತು. ನಿನಗೆ ನಿಜಕ್ಕೂ ಏನಿಷ್ಟ ಎಂದು ಯಾರಾದರೂ ಕೇಳಿದ್ದರೆ, ಎಷ್ಟು ಪದಗಳಲ್ಲಿ ಹೇಳಬೇಕು ಎನ್ನುತ್ತಿದ್ದಳೇನೋ.

ಹನ್ನೆರಡನೆಯದು ಮಾತ್ರ ಬೇರೆ. ಊಟ, ವಸತಿ, ವಿಮಾನದ ಟಿಕೆಟ್ಟು, ಎಲ್ಲವನ್ನೂ ತಾನೇ ಕೊಡುವ ಕಾಲೇಜು ಅದೊಂದೇ. ಉಳಿದ ಹನ್ನೊಂದು ಕುವೈತಿನಲ್ಲಿ ಲಾರಿ ಓಡಿಸುವ ಅಪ್ಪನಿಂದ ಆಗುವ ಮಾತಲ್ಲ. ಹನ್ನೆರಡನೆಯದರಲ್ಲಿ ಸೀಟು ಸಿಕ್ಕರೆ ಹೋದಳು, ಇಲ್ಲದಿದ್ದರೆ ಇಲ್ಲ.

“ಗಾಯ ಎಲ್ಲಿ?” ಎಂದು ರುಲಾ ಮೊದಲ ದಿನವೇ ಕೇಳಿದ್ದಳು. “ಪ್ರಬಂಧ ಅಂದ್ಮೇಲೆ ಒಂದು ಗಾಯ ಬೇಕು.”

“ನನಗೇನೂ ಆಗಿಲ್ಲ ಮಿಸ್. ಯುದ್ಧದಲ್ಲಿ ಅಜ್ಜಿ ಬಿಟ್ಟುಬಂದ ಮನೆಯ ಬೀಗದ ಕೈ ಇದೆ, ಅಷ್ಟೆ.”

“ಬೀಗದ ಕೈ ಈ ವರ್ಷ ಹದಿನಾಲ್ಕು ಜನ ಬರೆದಿದಾರೆ ಕಣೇ. ಮನೇಲಿ ಯಾರಿಗಾದ್ರೂ ಕಾಯಿಲೆ ಕಸಾಲೆ?”

“ಇಲ್ಲ.”

“ಹಾಗಾದ್ರೆ ಬರಿಸು.”

ಬರಿಸಿದಳು. ಆ ಊರಿನಲ್ಲಿ ಯಾರೂ ಬಾಯಿಬಿಟ್ಟು ಹೆಸರು ಹೇಳದ ಕಾಯಿಲೆ. ‘ಆ ರೋಗ’ ಎನ್ನುತ್ತಾರೆ, ಹಿಂದೆಯೇ ‘ಕೆಡುಕು ದೂರವಿರಲಿ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ಅದು ಬರೀ ಆರು ಅಕ್ಷರ. ಅರ್ಜಿಯ ಇನ್ನೊಂದು ಪುಟದಲ್ಲಿ ತಾಯಿ ಇದ್ದಾರೆ, ಇಲ್ಲ ಎಂಬ ಎರಡು ಚೌಕಗಳಿದ್ದವು. ಲುಜೈನ್ ಎರಡನೆಯದಕ್ಕೆ ಗುರುತು ಹಾಕಿದಳು.

ಮನೆಗೆ ಬಂದಾಗ ತೀರಿಹೋದ ತಾಯಿ ಹೀಟರಿನ ಮುಂದೆ ಕುಳಿತಿದ್ದಳು. ಇಂತಿಸಾರ್ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವಳು. ಅಕ್ಟೋಬರಿನಿಂದ ರಜೆ ಹಾಕಿದ್ದಳು. ಇಪ್ಪತ್ತೆರಡು ವರ್ಷದ ಮೇಲೆ ಯಾರಿಗೆ ಸಾಕಾಗುವುದಿಲ್ಲ? ವಾರ ಬಿಟ್ಟು ವಾರ, ಭಾನುವಾರಗಳಂದು, ಸಾಲ್ಟ್ ಊರಿನ ಅಕ್ಕನ ಮನೆಗೆ ಹೋಗಿ ಸುಸ್ತಾಗಿ ಬರುತ್ತಿದ್ದಳು. ಮನೆಯಲ್ಲಿ ಇಬ್ಬರೇ ಹೆಂಗಸರು, ಆದರೂ ತಲೆವಸ್ತ್ರ ತೆಗೆಯುತ್ತಿರಲಿಲ್ಲ. ಕೇಳಿದರೆ ಕಿವಿಗೆ ಚಳಿ ಎನ್ನುತ್ತಿದ್ದಳು. ಲುಜೈನ್ ಎರಡನೆಯ ಸಲ ಕೇಳಿರಲಿಲ್ಲ. ಬರೆಯುವುದಿತ್ತು.

“ಪಟ್ಟೀಲಿ ಹನ್ನೆರಡು ಕಾಲೇಜು,” ಎಂದಳು ಇಂತಿಸಾರ್. “ತಿದ್ದೋಕೆ ನನ್ನ ಕೈಗೆ ಬಂದಿರೋ ಪ್ರಬಂಧ ಹನ್ನೊಂದು.”

“ಅದನ್ನ ಮಿಸ್ ರುಲಾ ನೋಡಿದಾರೆ.”

“ರುಲಾ ನನ್ನ ಸ್ಟೂಡೆಂಟು. ಕಾಮಾ ಎಲ್ಲಿ ಹಾಕ್ಬೇಕು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕೊಡಿಲ್ಲಿ.”

ಬೆಳಿಗ್ಗೆ ಎಂಟಕ್ಕೆ, ಅಲ್ಲಿಯ ನಡುರಾತ್ರಿಗೆ, ಅರ್ಜಿಯ ಗಡುವು ಮುಗಿಯುತ್ತಿತ್ತು. ಮುಚ್ಚಿಡಲು ನೆಪ ಹೊಳೆಯಲಿಲ್ಲ. ಕೊಟ್ಟಳು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ. ಹೆದರಿಕೆಯೂ ಆಗಲಿಲ್ಲ.

ಇಂತಿಸಾರ್ ಕೆಂಪು ಪೆನ್ನು ಹಿಡಿದು ಓದಿದಳು. ಆಸ್ಪತ್ರೆಯ ಮಂಚ, ತಾಯಿಯ ತೋಳಿಗೆ ಬಾಟಲಿಯಿಂದ ಹನಿಯುವ ತಿಳಿನೀರಿನಂಥ ಔಷಧಿ, ಪಕ್ಕದ ಸ್ಟೂಲಿನಲ್ಲಿ ಭೌತಶಾಸ್ತ್ರ ಓದುವ ಮಗಳು. ಕೊನೆಗೆ ತಾಯಿಯ ಕಡೆಯ ಮಾತು: “ನಾನಿಲ್ಲದಾಗ ನೀನು ಯಾರ ಬಾಗಿಲೂ ತಟ್ಟಬಾರದು, ವಿದ್ಯೆ ಅದಕ್ಕೆ.” ಆ ಒಂದು ಮಾತು ಕಟ್ಟಿದ್ದಲ್ಲ. ಹೋದ ತಿಂಗಳು ವಿದ್ಯೆ ಏತಕ್ಕೆಂದು ಲುಜೈನ್ ಕೇಳಿದಾಗ ಅಮ್ಮ ಸೊಪ್ಪು ಬಿಡಿಸುತ್ತ ಹೇಳಿದ್ದು.

“ಅಮ್ಮಾ, ಮಿಸ್ ರುಲಾ ಹೇಳಿದ್ರು ಅಂತ…”

“ಶ್. ಓದ್ತಾ ಇದೀನಿ.”

ಮೊದಲಿನಿಂದ ಮತ್ತೊಮ್ಮೆ ಓದಿದಳು. ಕೆಡುಕು ದೂರವಿರಲಿ ಎನ್ನಲಿಲ್ಲ. ಹಾಳೆ ಎಸೆಯಲಿಲ್ಲ.

“ಇದನ್ನ ಕಳಿಸಿದ್ರೆ ಸೀಟು ಸಿಗುತ್ತಾ?”

“ಸಿಗುತ್ತೆ ಅಂತಾರೆ.”

“ಬೇಸಿಗೆ ರಜೆ ಮುಗಿದ ಕೂಡಲೇ ಹೋಗ್ಬೇಕಾ?”

“ಆಗಸ್ಟಲ್ಲಿ. ಎರಡು ವಿಮಾನ ಬದಲಾಯಿಸ್ಬೇಕು. ನಡುವೆ ಬಂದು ಹೋಗೋಕೆ ಆಗಲ್ಲ.”

“ಒಳ್ಳೇದೇ ಆಯ್ತು,” ಎಂದಳು ಇಂತಿಸಾರ್.

ಮಗಳನ್ನು ಸಾಗಹಾಕಲು ಇಷ್ಟೊಂದು ಆತುರವೇ ಎಂದು ಲುಜೈನ್‌ಗೆ ಅನಿಸಿತು. ಅನಿಸಿದ್ದು ಎಲ್ಲಿಯೂ ತಾಕದೆ ಹೋಯಿತು.

ಇಂತಿಸಾರ್ ಎರಡು ಕಾಮಾ ಹಾಕಿದಳು, ಒಂದು ಕ್ರಿಯಾಪದ ತಿದ್ದಿದಳು. ನಡುವಿನ ಪ್ಯಾರಾಕ್ಕೆ ಬಂದು ಪೆನ್ನು ನಿಲ್ಲಿಸಿದಳು.

“ಇಲ್ಲಿ ತಪ್ಪಿದೆ. ಆ ಔಷಧಿ ನೀರಿನ ಹಾಗಿರಲ್ಲ, ಕೆಂಪಗಿರುತ್ತೆ. ಬಾಟಲಿ ತೂಗುಹಾಕಿ ಹೋಗಿಬಿಡಲ್ಲ. ನರ್ಸು ಪಕ್ಕದಲ್ಲೇ ಕೂತು ಸಿರಿಂಜಿಂದ ಮೆಲ್ಲಗೆ ಬಿಡ್ತಾಳೆ. ಅಷ್ಟು ಹೊತ್ತೂ ಕೈ ಅಲ್ಲಾಡಿಸೋ ಹಾಗಿಲ್ಲ.”

ಅಮ್ಮನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ ಎಂದುಕೊಂಡು ಲುಜೈನ್ ಬರೆದುಕೊಳ್ಳತೊಡಗಿದಳು: ಕೆಂಪು, ನರ್ಸು, ಸಿರಿಂಜು.

“ಕೊನೇ ಪ್ಯಾರಾ ತೆಗೆದುಬಿಡು,” ಎಂದಳು ಅಮ್ಮ, “ಡಾಕ್ಟರು ನನಗಿನ್ನೂ ಹಾಗೆ ಹೇಳಿಲ್ಲ.”